ಹೆಂಚಿನ ಮೇಲಿನ 1865 ನಿಮ್ಮ ಮನೆಯ ವಯಸ್ಸಲ್ಲ. ಮಂಗಳೂರು ಹೆಂಚು ಕೊಟ್ಟ ಪ್ಲೆಬ್ಸ್ಟ್ ಕಥೆ ಇದು

ಶಿವಮೊಗ್ಗ: ದುರ್ಗಿಗುಡಿ ಮುಖ್ಯರಸ್ತೆ ತುಂಬಾ ಈಗ ಅಂಗಡಿ, ಕಾಂಪ್ಲೆಕ್ಸು. ಹೆಂಚಿನ ಮನೆ ನೋಡಬೇಕು ಅಂದ್ರೆ ಅಡ್ಡರಸ್ತೆಗಳಲ್ಲಿ ಹುಡುಕಬೇಕು. ಒಂದೊಂದು ಮನೆ ಕೆಡವಿದಾಗಲೂ ಹೆಂಚು ಕೆಳಗಿಳಿಯುತ್ತೆ, ರಾಶಿ ಬೀಳುತ್ತೆ, ಹಳೇ ಸಾಮಾನಿನವರ ಗಾಡಿ ಏರುತ್ತೆ. ಆ ರಾಶಿಯಲ್ಲಿ ಒಂದು ಹೆಂಚು ಮಗುಚಿ ನೋಡಿ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಇಂಗ್ಲಿಷ್ ಅಕ್ಷರ ಉಬ್ಬಿ ನಿಂತಿದ್ರೆ ಎಲ್ಲರೂ ಹಾಕೋ ಲೆಕ್ಕ ಒಂದೇ. ಹೆಂಚಿಗೆ 160 ವರ್ಷ ಆಯ್ತು, ಮನೆಗೂ ಅಷ್ಟೇ ಅಂತ.

ಆ ಲೆಕ್ಕ ತಪ್ಪು. 1865 ಅನ್ನೋದು ಆ ಹೆಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಆ ಕಾರ್ಖಾನೆ ಕಟ್ಟಿದವರು ಜಾರ್ಜ್ ಪ್ಲೆಬ್ಸ್ಟ್. ಅವರ ಹೆಸರು ಮಾತ್ರ ಹೆಂಚಿನ ಮುದ್ರೆಯಲ್ಲಿ ಇಲ್ಲ.

ಬಂದಿದ್ದು ಪ್ರೆಸ್ ಕೆಲಸಕ್ಕೆ

ಪ್ಲೆಬ್ಸ್ಟ್ ಜರ್ಮನಿಯವರು, ಯಂತ್ರದ ಕೆಲಸ ಬಲ್ಲವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಕಾಲಿಟ್ಟಿತ್ತು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಕನ್ನಡದ ಮೊದಲ ಪತ್ರಿಕೆ ಅಂತ ನಾವೆಲ್ಲ ಓದಿರೋ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದಿದ್ದು ಇಲ್ಲಿಂದಲೇ, ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಈ ಮುದ್ರಣಾಲಯದ ಕೆಲಸಕ್ಕೆ ಪ್ಲೆಬ್ಸ್ಟ್ 1851ರಲ್ಲಿ ಬಂದರು. ಅಚ್ಚುಮೊಳೆ ಜೋಡಿಸಿ ಮುದ್ರಿಸುವ ಪದ್ಧತಿಗೆ ಪ್ರೆಸ್ಸನ್ನು ತಂದವರಲ್ಲಿ ಅವರೂ ಒಬ್ಬರು.

ಹೀಗೆ ಪ್ರೆಸ್ಸಿನಲ್ಲಿದ್ದವರು ಮಣ್ಣಿಗೆ ಕೈ ಹಾಕೋಕೆ ಕಾರಣ ಇತ್ತು. ಮಿಷನ್ ಸೇರಿ ಮತಾಂತರ ಆದವರಿಗೆ ಜಾತಿಯ ಜೊತೆ ಕುಲಕಸುಬೂ ಕೈಬಿಡುತ್ತಿತ್ತು. ಮನೆಯವರು ಹೊರಗೆ ಹಾಕುತ್ತಿದ್ದರು, ಊರಿನಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ. ಅವರ ಹೊಟ್ಟೆಪಾಡಿಗೆ ಏನಾದರೂ ಮಾಡಲೇಬೇಕಿತ್ತು. ಗಡಿಯಾರದ ಕೆಲಸ, ಮರಗೆಲಸ ಎಲ್ಲ ಮಾಡಿ ನೋಡಿದರು, ಕೈಹತ್ತಲಿಲ್ಲ. ನೇಯ್ಗೆ ಕೈಹಿಡಿಯಿತು. ಆಮೇಲೆ ಹೆಂಚು.

ಕರಾವಳಿ ಮಳೆ ಹೇಗೆ ಅಂತ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗ ಮನೆ ಮೇಲೆ ಇದ್ದಿದ್ದು ಒಂದೋ ಹುಲ್ಲು, ಇಲ್ಲಾಂದ್ರೆ ಕುಂಬಾರರ ನಾಡಹೆಂಚು. ಹುಲ್ಲಿಗೆ ಬೆಂಕಿ ಭಯ, ವರ್ಷ ವರ್ಷ ಹೊದಿಸೋ ಖರ್ಚು. ನಾಡಹೆಂಚು ಒಂದರ ಮೇಲೊಂದು ಸುಮ್ಮನೆ ಕೂತಿರುತ್ತೆ. ಕೋತಿ ಓಡಾಡಿದ್ರೆ ಜಾರುತ್ತೆ, ಜೋರು ಗಾಳಿಮಳೆಗೆ ಸೋರುತ್ತೆ.

ಇದಕ್ಕೆ ಪರಿಹಾರ ಯುರೋಪಿನಲ್ಲಿ ಆಗಲೇ ಇತ್ತು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ಒಂದಕ್ಕೊಂದು ಸಿಕ್ಕಿಕೊಳ್ಳುವ ಚಪ್ಪಟೆ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದಿದ್ದರು. ಅಂಚಿನಲ್ಲಿ ಕಾಲುವೆ, ಪಕ್ಕದ ಹೆಂಚಿನ ಏಣು ಅದರೊಳಗೆ ಕೂರುತ್ತೆ. ಕೆಳಗೆ ಒಂದು ಮೂಗು, ಅದು ರೀಪಿಗೆ ಸಿಕ್ಕಿಕೊಳ್ಳುತ್ತೆ. ಪ್ಲೆಬ್ಸ್ಟ್ ರಜೆಯಲ್ಲಿ ಯುರೋಪಿಗೆ ಹೋದಾಗ ಈ ಕೆಲಸ ಕಲಿತು ಬಂದರು. ನೇತ್ರಾವತಿ ದಡದ ಜೇಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮಣ್ಣು ಕಲಸೋಕೆ ಎತ್ತು, ಕೈಯಲ್ಲಿ ಒತ್ತೋ ಅಚ್ಚು. ಆರಂಭದಲ್ಲಿ ದಿನಕ್ಕೆ ಆಗುತ್ತಿದ್ದಿದ್ದು ಕೆಲವು ನೂರು ಹೆಂಚು ಅಷ್ಟೇ.

ಹೆಂಚಿನ ಹಿಂದೆ ಅಕ್ಷರ ಮೂಡಿದ್ದು ಹೇಗೆ ಅನ್ನೋದೂ ಪ್ರೆಸ್ಸಿನ ಲೆಕ್ಕವೇ. ಮುದ್ರಣದ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತೆ, ಕಾಗದದ ಮೇಲೆ ಸರಿಯಾಗಿ ಬೀಳುತ್ತೆ. ಇಲ್ಲೂ ಅಷ್ಟೇ. ಕಬ್ಬಿಣದ ಅಚ್ಚಿನಲ್ಲಿ ಕಂಪನಿ ಹೆಸರನ್ನು ಉಲ್ಟಾ ಕೊರೆದಿರುತ್ತಾರೆ. ಹಸಿಮಣ್ಣನ್ನು ಮೇಲೆ ಕೆಳಗೆ ಎರಡು ಅಚ್ಚಿನ ಮಧ್ಯೆ ಇಟ್ಟು ಒತ್ತಿದ್ರೆ ಹೆಸರು ಉಬ್ಬಿ ಬರುತ್ತೆ. ಅಚ್ಚು ಬದಲಾಯಿಸುವವರೆಗೂ ಅದೇ ಹೆಸರು, ಅದೇ ವರ್ಷ. ಅದಕ್ಕೇ ಹತ್ತಾರು ವರ್ಷ ಬಿಟ್ಟು ಮಾಡಿದ ಹೆಂಚಿನ ಮೇಲೂ 1865 ಇರುತ್ತೆ.

ಹಾಗಾದ್ರೆ ವಯಸ್ಸು ಹೇಗೆ ತಿಳಿಯೋದು?

ವರ್ಷ ಬಿಟ್ಟು ಮೊದಲು ಊರಿನ ಹೆಸರು ಓದಿ. ಮಿಷನ್ ಒಂದಾದ ಮೇಲೊಂದು ಹೆಂಚಿನ ಕಾರ್ಖಾನೆ ತೆರೆಯಿತು. ಕಲ್ಲಿಕೋಟೆಯಲ್ಲಿ 1873, ಕುದ್ರೋಳಿಯಲ್ಲಿ 1882, ಮಲ್ಪೆಯಲ್ಲಿ 1886, ಕೇರಳದ ಫೆರೋಕ್‌ನಲ್ಲಿ 1905. ಮುದ್ರೆಯಲ್ಲಿ ಮಲ್ಪೆ ಅಂತ ಇದ್ರೆ ಪಕ್ಕದಲ್ಲಿ ಯಾವ ಇಸವಿ ಇದ್ದರೂ ಆ ಹೆಂಚು 1886ಕ್ಕಿಂತ ಹಿಂದಿನದು ಆಗೋಕೆ ಸಾಧ್ಯ ಇಲ್ಲ. ಫೆರೋಕ್ ಅಂತ ಇದ್ರೆ 1905ರ ಈಚೆಯದು.

ಎರಡನೆಯದು ಮಾಲೀಕರ ಹೆಸರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮಿಷನ್ನಿನ ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳಾದರು. ಆಸ್ತಿ ಸರ್ಕಾರದ ವಶ ಆಯಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಕಾರ್ಖಾನೆಗಳು ಹೋದವು. ಆದ್ದರಿಂದ ಕಾಮನ್‌ವೆಲ್ತ್ ಅನ್ನೋ ಹೆಸರು ಇದ್ದರೆ ಹೆಂಚು 1919ರ ನಂತರದ್ದು. ಬಾಸೆಲ್ ಮಿಷನ್ ಅಂತ ಇದ್ದರೆ ಅದಕ್ಕೂ ಹಿಂದಿನದು ಅಂತ ತಿಳಿಯಬಹುದು.

ಮೂರನೆಯದು ಬೇರೆ ಕಂಪನಿಗಳು. ಮಿಷನ್ ನೋಡಿ ಸ್ಥಳೀಯರೂ ಹೆಂಚಿಗೆ ಇಳಿದರು. 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು, ಭಾರತೀಯರದ್ದು ಅಂದರೆ ಅದೇ ಮೊದಲು. 1900ರ ಹೊತ್ತಿಗೆ ಮಂಗಳೂರಿನ ಸುತ್ತಮುತ್ತ 25 ಕಾರ್ಖಾನೆ ಇದ್ದವು. ಅವುಗಳ ಹೆಂಚಿನಲ್ಲಿ ಇಸವಿ ಕಂಡರೂ ಅದನ್ನೇ ಸುಟ್ಟ ವರ್ಷ ಅಂತ ನಂಬಬೇಡಿ.

ಇನ್ನೊಂದು ವಿಷಯ ನೆನಪಿರಲಿ. ಒಂದು ಹೆಂಚು ನೋಡಿ ಇಡೀ ಮನೆಯ ವಯಸ್ಸು ಹೇಳಬಾರದು. ಒಡೆದ ಜಾಗಕ್ಕೆ ಹೊಸದು ಹಾಕಿರ್ತಾರೆ, ಬೇರೆ ಮನೆಯ ಹಳೇ ಹೆಂಚು ತಂದು ಹೊದಿಸಿರ್ತಾರೆ. ಸೂರಿನ ನಾಲ್ಕು ಕಡೆ ನೋಡಿ, ಯಾವ ಮುದ್ರೆ ಜಾಸ್ತಿ ಇದೆ ಅಂತ ಎಣಿಸಿ. ಮಾಡಿನ ನೆತ್ತಿಯ ಹೆಂಚು, ತುದಿಯ ಕಳಶ, ಹೂವಿನ ಚಿತ್ತಾರದ ಒಳಹೆಂಚು ಇದ್ದರೆ ಅವುಗಳನ್ನೂ ಮಗುಚಿ ನೋಡಿ. ಅಂಥ ಅಲಂಕಾರದ ಸಾಮಾನೂ ಮಂಗಳೂರಿನಲ್ಲಿ ಆಗುತ್ತಿತ್ತು. ಹುಲ್ಲಿನ ಮನೆಗೆ ಆಮೇಲೆ ಹೆಂಚು ಹಾಕಿದ್ದರೆ ಗೋಡೆ ಹೆಂಚಿಗಿಂತ ಹಳೇದು ಅನ್ನೋದೂ ಉಂಟು.

ಶಿವಮೊಗ್ಗಕ್ಕೆ ಬೀರೂರಿನಿಂದ ರೈಲು ಬಂದಿದ್ದು 1899ರಲ್ಲಿ. ಅದಕ್ಕೂ ಹಿಂದೆ ಮಂಗಳೂರಿನ ಹೆಂಚು ಇಲ್ಲಿಗೆ ಬರಬೇಕಂದ್ರೆ ಘಟ್ಟ ಹತ್ತಬೇಕಿತ್ತು, ಅದೂ ಗಾಡಿಯಲ್ಲಿ. ಒಂದೊಂದು ಹೆಂಚೂ ಎರಡು ಕಿಲೋ ಮೇಲೆ ತೂಗುತ್ತೆ. ಹಾಗೆ ಬಂದ ಹೆಂಚನ್ನು ಈಗ ಕೇಳಿದಷ್ಟಕ್ಕೆ ಕೊಟ್ಟು ಕಳಿಸ್ತಿದ್ದೀವಿ.

ಪ್ಲೆಬ್ಸ್ಟ್ ಹೆಸರು ಹೆಂಚಿನಲ್ಲಿ ಇಲ್ಲದ ಹಾಗೆ, ಮಣ್ಣು ತುಳಿದು ಗೂಡು ಉರಿಸಿದವರ ಹೆಸರೂ ಇಲ್ಲ. ಉಳಿದಿರೋದು ಕಂಪನಿ, ಊರು, ಒಂದು ಇಸವಿ. ಎಷ್ಟೋ ಹಳೇ ಮನೆಗೆ ಕಟ್ಟಿದ ಕಾಲ ಹೇಳೋ ಕಾಗದಪತ್ರ ಬೇರೆ ಇರಲ್ಲ, ಇರೋದು ಇದೊಂದೇ. ದುರ್ಗಿಗುಡಿಯಲ್ಲಾಗಲಿ, ಭದ್ರಾವತಿ ಹಳೇನಗರದಲ್ಲಾಗಲಿ, ಮನೆ ಕೆಡವೋ ಮೊದಲು ನಾಲ್ಕು ಹೆಂಚು ಮಗುಚಿ ಫೋಟೊ ತೆಗೆದಿಟ್ಟುಕೊಳ್ಳಿ. ಮುದ್ರೆಗೊಂದರಂತೆ ಹೆಂಚನ್ನೂ ಎತ್ತಿಡಿ. ಗಾಡಿ ಹೋದ ಮೇಲೆ ಆ ದಾಖಲೆ ವಾಪಸ್ ಬರಲ್ಲ.