ಹಸನ್ ಫಾತಿ
ಹಸನ್ ಫಾತಿ (ಮಾರ್ಚ್ 23, 1900 – ನವೆಂಬರ್ 30, 1989) ಈಜಿಪ್ಟಿನ ಖ್ಯಾತ ವಾಸ್ತುಶಿಲ್ಪಿ. ವಿದ್ಯುತ್ತನ್ನು ಬೇಡುವ ಹವಾನಿಯಂತ್ರಣ ಯಂತ್ರಗಳಿಲ್ಲದೆ ಮನೆಯನ್ನು ತಂಪಾಗಿಡುವ ಸಾಂಪ್ರದಾಯಿಕ ವಿಧಾನಗಳಿಗೆ ಇವರು ಮರುಜೀವ ನೀಡಿದರು. ಅಲೆಕ್ಸಾಂಡ್ರಿಯದಲ್ಲಿ ಜನಿಸಿದ ಇವರು 1926ರಲ್ಲಿ ಕೈರೋದಲ್ಲಿ ಪದವಿ ಪಡೆದರು. ಸುಡದ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಕಮಾನು ಛಾವಣಿ, ನೆರಳಿನ ಒಳಅಂಗಳ ಹಾಗೂ ಮೇಲಿನ ತಂಗಾಳಿಯನ್ನು ಕೋಣೆಗೆ ಇಳಿಸುವ 'ಮಲ್ಕಫ್' ಎಂಬ ಗಾಳಿಗೋಪುರ ಇವರ ಕಟ್ಟಡಗಳ ಮುಖ್ಯ ಲಕ್ಷಣಗಳು.

1940ರ ದಶಕದಲ್ಲಿ ಲಕ್ಸರ್ ಸಮೀಪದ ಗುರ್ನಾ ನಿವಾಸಿಗಳಿಗಾಗಿ ಇವರು ರೂಪಿಸಿದ ಹೊಸ ಗ್ರಾಮವು, ಹಳೆಯ ಊರನ್ನು ತೊರೆಯಲು ಜನರು ಒಪ್ಪದ ಕಾರಣ ಅಪೂರ್ಣವಾಗಿ ಉಳಿಯಿತು. ಆದರೆ 1964ರಲ್ಲಿ ಕೈರೋದಲ್ಲಿ ನಡೆದ ಪರೀಕ್ಷೆಯು ಇವರ ವಿಧಾನವನ್ನು ಸಮರ್ಥಿಸಿತು. ಕಾಂಕ್ರೀಟ್ ಕೊಠಡಿಯ ಒಳಗಿನ ಉಷ್ಣತೆ 36 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ, ಮಣ್ಣಿನ ಇಟ್ಟಿಗೆಯ ಕೊಠಡಿಯಲ್ಲಿ ಅದು 23 ಡಿಗ್ರಿಯನ್ನು ಮೀರಲಿಲ್ಲ. 1980ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಲಭಿಸಿತು.