ಸೆರೆಮನೆಯಿಂದ ಇದ್ದಿಲಿನಲ್ಲಿ ಬರೆದ ಪತ್ರ

ಜೂನ್ 22 ಸಂತ ಥಾಮಸ್ ಮೋರ್ ಅವರ ಹಬ್ಬ. ರಾಜಕಾರಣಿಗಳ ಪಾಲಕರಾಗಿ 2000ದಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್ ಅವರನ್ನು ಘೋಷಿಸಿದರು. ಆ ದಿನ ಪ್ರವಚನ ಕೊಡುವಾಗ ನಾವು ಅವರ ಮನಸ್ಸಾಕ್ಷಿಯ ಬಗ್ಗೆ ಹೇಳುತ್ತೇವೆ, ಅವರ ಮನೆಯವರನ್ನು ಮರೆಯುತ್ತೇವೆ.

1478ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೋರ್ ಹೆಸರಾಂತ ವಕೀಲರು. 1529ರಲ್ಲಿ ಇಂಗ್ಲೆಂಡಿನ ಚಾನ್ಸಲರ್ ಆದರು, 1532ರಲ್ಲಿ ಆ ಪದವಿ ಬಿಟ್ಟರು. ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್ ಕಲಿಸಿದ ತಂದೆ ಅವರು. ಹಿರಿಯ ಮಗಳು ಮಾರ್ಗರೆಟ್ ಮೇಲೆ ಅವರಿಗೆ ವಿಶೇಷ ಮಮತೆ.

ಎಂಟನೇ ಹೆನ್ರಿ ಅರಸನ ಹೊಸ ಮದುವೆಗೆ ಸಂಬಂಧಿಸಿದ ಪ್ರಮಾಣವಚನ ಸ್ವೀಕರಿಸಲು ಒಪ್ಪದ ಕಾರಣ 1534ರ ಏಪ್ರಿಲ್ 17ರಂದು ಅವರನ್ನು ಲಂಡನ್ ಟವರಿಗೆ ಕಳುಹಿಸಲಾಯಿತು. ಮೊದಲು ಲೇಖನಿಯೂ ಇರಲಿಲ್ಲ. ಒಂದು ತುಂಡು ಇದ್ದಿಲಿನಿಂದ ಮಗಳಿಗೆ ಬರೆದರು.

ಮಾರ್ಗರೆಟ್ ಷರತ್ತು ಸೇರಿಸಿ ಪ್ರಮಾಣ ಮಾಡಿದ್ದರು. ತಂದೆಯೂ ಮಾಡಲಿ ಎಂದು ಪತ್ರ ಬರೆದರು. ತಂದೆಗೆ ಆ ಪತ್ರ ಬಹಳ ನೋವು ತಂದಿತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೂ ಇಬ್ಬರೂ ಪತ್ರ ನಿಲ್ಲಿಸಲಿಲ್ಲ. ಮಾರ್ಗರೆಟ್‌ಗೆ ಭೇಟಿಯ ಅನುಮತಿ ಸಿಕ್ಕಿತು. ಭೇಟಿಯಲ್ಲಿ ಇಬ್ಬರೂ ಮೊದಲು ಪಶ್ಚಾತ್ತಾಪದ ಏಳು ಕೀರ್ತನೆಗಳನ್ನೂ ಲಿತಾನಿಯನ್ನೂ ಪ್ರಾರ್ಥಿಸುತ್ತಿದ್ದರು, ಮನೆಯ ಸುದ್ದಿ ಆಮೇಲೆ.

ಎರಡನೇ ಹೆಂಡತಿ ಆಲಿಸ್ ಅವರದು ಬೇರೆ ರೀತಿ. ಚೆಲ್ಸಿಯ ಒಳ್ಳೆಯ ಮನೆ ಬಿಟ್ಟು ಇಲಿಗಳ ಜತೆ ಯಾಕೆ ಇರುತ್ತೀರಿ ಎಂದು ಗಂಡನನ್ನು ಗದರಿಸಿದರು. ಚರಿತ್ರೆಕಾರರು ಈ ತಾಯಿಯನ್ನು ನೋಡಿ ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಆಗ ಕೈದಿಯ ಊಟದ ಖರ್ಚು ಮನೆಯವರದೇ. ಮೋರ್ ಮತ್ತು ಅವರ ಸೇವಕನಿಗೆ ವಾರಕ್ಕೆ 15 ಶಿಲಿಂಗ್ ಕಟ್ಟಬೇಕಿತ್ತು. ಅದಕ್ಕಾಗಿ ಆಲಿಸ್ ತಮ್ಮ ಬಟ್ಟೆಗಳನ್ನು ಮಾರಿದರು. ಗದರಿಸಿದವರೂ ಅವರೇ, ಅನ್ನ ಹಾಕಿದವರೂ ಅವರೇ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಮಗನೋ ಗಂಡನೋ ಜೈಲಿನಲ್ಲಿರುವ ತಾಯಂದಿರು ಬಲಿಪೂಜೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಡುವುದನ್ನು ಗುರುಗಳಾದ ನಾವು ಕಂಡಿದ್ದೇವೆ, ಕರೆದು ಮಾತಾಡಿಸಿದ್ದು ಕಡಿಮೆ.

1535ರ ಜೂನ್‌ನಲ್ಲಿ ಮೋರ್ ಅವರ ಪುಸ್ತಕ, ಬರೆಯುವ ಸಾಮಾನುಗಳನ್ನು ಕಸಿದುಕೊಂಡರು. ಜುಲೈ 1ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಮರಣದಂಡನೆಯ ತೀರ್ಪಾಯಿತು. ಅವರನ್ನು ಮರಳಿ ಕರೆತರುವಾಗ ಮಾರ್ಗರೆಟ್ ಟವರಿನ ಧಕ್ಕೆಯಲ್ಲಿ ಕಾಯುತ್ತಿದ್ದರು. ಆಯುಧ ಹಿಡಿದ ಕಾವಲಿನವರ ನಡುವೆ ನುಗ್ಗಿ, ಎಲ್ಲರ ಮುಂದೆ ತಂದೆಯನ್ನು ಅಪ್ಪಿ ಮುತ್ತಿಟ್ಟರು. ಸ್ವಲ್ಪ ದೂರ ಹೋಗಿ, ಮನಸ್ಸು ತಡೆಯದೆ ತಿರುಗಿ ಓಡಿಬಂದು ಮತ್ತೊಮ್ಮೆ ಅಪ್ಪಿಕೊಂಡರು.

ಜುಲೈ 5ರಂದು ಮೋರ್ ಪುನಃ ಇದ್ದಿಲು ಹಿಡಿದರು. ಕೊನೆಯ ಪತ್ರ ಮಗಳಿಗೇ. ಅಂದು ಲೋಕದ ಮರ್ಯಾದೆ ನೋಡದೆ ಅವಳು ಮುತ್ತಿಟ್ಟದ್ದು ತನಗೆ ಬಹಳ ಹಿಡಿಸಿತೆಂದು ಬರೆದರು. ಒಳಗೆ ತೊಡುತ್ತಿದ್ದ ತಪಸ್ಸಿನ ಒರಟು ಅಂಗಿಯನ್ನೂ ಅವಳಿಗೆ ಕಳುಹಿಸಿದರು.

ಮರುದಿನ ಅವರ ಶಿರಚ್ಛೇದನವಾಯಿತು. ತಲೆಯನ್ನು ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಸಿಕ್ಕಿಸಿದ್ದರು. ಮಾರ್ಗರೆಟ್ ಅದನ್ನು ಪಡೆದು, 1544ರಲ್ಲಿ ತಾವು ಸಾಯುವವರೆಗೆ ಜೋಪಾನವಾಗಿ ಇಟ್ಟುಕೊಂಡರು. ಕ್ಯಾಂಟರ್ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ, ಅವರ ಗಂಡನ ಮನೆತನದ ಸಮಾಧಿಯಲ್ಲಿ ಅದು ಇದೆಯೆಂದು ನಂಬಲಾಗಿದೆ.