ಮಂಜೇಶ್ವರದ ಮನೆ ಮತ್ತು ಗೊಲ್ಗೊಥಾದ ಕವಿ

ಮಂಗಳೂರಿನಿಂದ ದಕ್ಷಿಣಕ್ಕೆ ತಲಪಾಡಿಯ ಗಡಿ ದಾಟಿದೊಡನೆ ಮಂಜೇಶ್ವರ. ಕ್ರಿಸ್ತ ಪ್ರಭುವಿನ ಪಾಡುಮರಣವನ್ನು ಕನ್ನಡದ ಮಹಾಕವಿಯೊಬ್ಬರು ಖಂಡಕಾವ್ಯವಾಗಿ ರಚಿಸಿದ್ದು ಆ ಊರಿನ ಹಿರಿಯ ಮನೆತನದ ಮನೆಯಲ್ಲಿ ಬಾಳಿ. ರಾಷ್ಟ್ರಕವಿ ಗೋವಿಂದ ಪೈಗಳ ಹೆಸರನ್ನು ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. ಅವರ ಗೊಲ್ಗೊಥಾವನ್ನು ಓದಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ವಿರಳ. ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸಲು ನಮಗೆ ಇಷ್ಟು ಕಾರಣ ಸಾಕು.

ಪೈಗಳು 1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಸಾಹುಕಾರ್ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮ. ಗೌಡ ಸಾರಸ್ವತ ಮನೆತನವಾದುದರಿಂದ ಮನೆಮಾತು ಕೊಂಕಣಿ, ಅಂದರೆ ನಮ್ಮದೇ ಮಾತು. ಮಂಗಳೂರಿನಲ್ಲಿ ಶಾಲೆ ಮುಗಿಸಿ ಮದರಾಸಿಗೆ ತೆರಳಿದ ತರುಣನು ಪದವಿಯನ್ನು ಪೂರ್ಣಗೊಳಿಸದೆ ಊರಿಗೆ ಹಿಂದಿರುಗಬೇಕಾಯಿತು. ಆದರೆ ಕಾಲೇಜು ಕೊಡದ ವಿದ್ಯೆಯನ್ನು ಮಂಜೇಶ್ವರದ ಮನೆ ಕೊಟ್ಟಿತು. ಆ ಮನೆಯಲ್ಲಿ ಗ್ರಂಥಗಳು ಸಹಸ್ರ ಸಂಖ್ಯೆಯಲ್ಲಿ ಬೆಳೆದವು. ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳಲ್ಲಿ ಅವರಿಗೆ ಪರಿಚಯವಿತ್ತೆಂಬ ಪ್ರಸಿದ್ಧಿಯೂ ಬೆಳೆಯಿತು. ಪುರಾತನ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೇ ಎಂಬ ಚರ್ಚೆಗೂ, ಜಪಾನಿನ ನೋ ನಾಟಕಗಳ ಕನ್ನಡ ಅನುವಾದಕ್ಕೂ ಅವರು ಕೈಹಾಕಿದರು. ಒಂದು ಹಳ್ಳಿಯ ಮನೆಗೆ ಇದು ಸಣ್ಣ ಸಂಗತಿಯೇ?

ಕನ್ನಡ ಕವಿಗಳು ಶತಮಾನಗಳಿಂದ ಪಾಲಿಸಿಕೊಂಡು ಬಂದ ಪ್ರಾಸದ ಕಟ್ಟನ್ನು ಪೈಗಳು 1911ರಲ್ಲಿ ತೊರೆದರು. ಪಂಡಿತರಿಗೆ ಇದು ಹಿಡಿಸಲಿಲ್ಲ. ಕಾಲವು ಮಾತ್ರ ಪೈಗಳ ಕಡೆಗೇ ನಿಂತಿತು. 1930ರಲ್ಲಿ ಗಿಳಿವಿಂಡು ಕವನಸಂಗ್ರಹ ಹೊರಬಂದಿತು. ಅಗಲಿದ ಮಡದಿಯ ಸ್ಮರಣೆಯ ಕವಿತೆಗಳು ನಂದಾದೀಪದಲ್ಲಿವೆ.

ಇನ್ನು ಗೊಲ್ಗೊಥಾ. ಯೇಸುಸ್ವಾಮಿಯ ಕಡೆಯ ದಿನವೇ ಅದರ ವಸ್ತು. ಭಾಷೆ ಬಿಗಿಯಾದುದು, ಹಳಗನ್ನಡದ ಗಾಂಭೀರ್ಯವುಳ್ಳದ್ದು. ಮೊದಲ ಓದಿಗೆ ದಕ್ಕುವಂತಹುದಲ್ಲ ಎಂಬುದನ್ನು ಮುಚ್ಚಿಡಲಾರೆವು. ಆದರೂ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯನ್ನು ನಡೆದು ರೂಢಿಯಿರುವ ನಮ್ಮ ಜನರಿಗೆ ಆ ದಾರಿ ಅಪರಿಚಿತವೇನಲ್ಲ. ಪೈಗಳು ತಮ್ಮ ಧರ್ಮವನ್ನು ಬಿಟ್ಟವರಲ್ಲ, ಅವರನ್ನು ನಮ್ಮವರೆಂದು ಸಾಧಿಸಹೊರಡುವುದು ಅವರಿಗೆ ಅಗೌರವವಾದೀತು. ಬುದ್ಧದೇವನ ಕೊನೆಯ ದಿನವನ್ನು ವೈಶಾಖಿಯಲ್ಲಿ ಅಷ್ಟೇ ಭಕ್ತಿಯಿಂದ ಹಾಡಿದವರು ಅವರು. ಜೈನರ ಗೊಮ್ಮಟನನ್ನೂ ಸ್ತುತಿಸಿದರು. ಶ್ರೀಕೃಷ್ಣನ ಮತ್ತು ಗಾಂಧೀಜಿಯ ಅಂತ್ಯವನ್ನು ಕುರಿತು ಬರೆಯಹೊರಟ ಕಾವ್ಯಗಳು ಪೂರ್ತಿಯಾಗಲಿಲ್ಲ. ಮಹಾತ್ಮರು ಮರಣವನ್ನು ಎದುರಿಸಿದ ಬಗೆಯಲ್ಲಿ ಅವರ ಬಾಳಿನ ಸಾರವನ್ನು ಕಾಣಲೆಳಸಿದ ಕವಿಗೆ ಕಲ್ವಾರಿಯ ಬೆಟ್ಟವನ್ನು ಬಿಟ್ಟು ಸಾಗುವುದು ಸಾಧ್ಯವಿರಲಿಲ್ಲವೆಂದು ನಾವು ಭಾವಿಸುತ್ತೇವೆ.

1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕನ್ನಡದ ರಾಷ್ಟ್ರಕವಿಯು ತನ್ನ ಮನೆಯಲ್ಲಿದ್ದಂತೆಯೇ ಕನ್ನಡನಾಡಿನ ಹೊರಗಾದರು! ಕಾಸರಗೋಡು ಕರ್ನಾಟಕದಲ್ಲೇ ಉಳಿಯಬೇಕೆಂದು ಹಂಬಲಿಸಿದವರಿಗೆ ಆ ನೋವು ಕಡೆಯತನಕ ಮಾಸಲಿಲ್ಲ. ರಾಜ್ಯಗಳ ಗೆರೆ ನಮ್ಮ ಮಂಗಳೂರು ಧರ್ಮಪ್ರಾಂತ್ಯವನ್ನು ತುಂಡರಿಸಲಿಲ್ಲ. ಗಡಿಯಾಚೆಯ ಇಗರ್ಜಿಗಳಲ್ಲಿ ಸೇವೆ ಸಲ್ಲಿಸಿದ ಗುರುಗಳಿಗೆ ಅಲ್ಲಿನ ಕನ್ನಡದ ಅಳಲು ತಿಳಿದುದೇ.

1963ರ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು. ಅವರ ಗ್ರಂಥಭಂಡಾರವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅವರ ಹೆಸರಿನ ಸಂಶೋಧನ ಕೇಂದ್ರವೂ ಅಲ್ಲಿಯೇ ಇದೆ. ಮಂಜೇಶ್ವರದ ಮನೆಯನ್ನು ದುರಸ್ತಿಗೊಳಿಸಿ, ಕರ್ನಾಟಕ ಮತ್ತು ಕೇರಳ ಸರಕಾರಗಳೆರಡರ ನೆರವಿನಿಂದ ಗಿಳಿವಿಂಡು ಎಂಬ ಹೆಸರಿನ ಸ್ಮಾರಕವನ್ನು ಎಬ್ಬಿಸಲಾಗಿದೆ.